ಹದಿನಾರು ಪಾಠಕ್ಕೆ ಹತ್ತು ತಿಂಗಳು

1982ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಡರ್ಬಿ ಪಟ್ಟಣದ ಹತ್ತಿರದ ಮೋವಾಂಜುಮ್ ಎಂಬ ಮೂಲನಿವಾಸಿಗಳ ನೆಲೆಯಿಂದ ಒಂದು ಸಣ್ಣ ಗುಂಪು ತಮ್ಮ ಹಿರಿಯರ ನೆಲಕ್ಕೆ ಹೊರಟಿತು. ಅವರಲ್ಲಿ 10 ಮಂದಿಗೆ ಸಕ್ಕರೆ ಕಾಯಿಲೆ. ಇದನ್ನು ಒಂದು ಅಧ್ಯಯನವಾಗಿ ನಡೆಸಿದವರು ಪೋಷಣಾ ವಿಜ್ಞಾನಿ ಕೆರಿನ್ ಓಡೇ. ಏಳು ವಾರ ಹೆಚ್ಚುಕಡಿಮೆ ಕಾಡು-ಕಡಲೇ ಅವರ ಅಡುಗೆಮನೆ. ಕಡಲ ಬದಿಯಲ್ಲಿದ್ದಾಗ ಮೀನು, ಹಕ್ಕಿ. ಒಳನಾಡಿಗೆ ಸರಿದಾಗ ಕಾಂಗರೂ, ಹೊಳೆಮೀನು, ಅಗೆದು ತೆಗೆದ ಗೆಣಸು. ಏಳು ವಾರ ಮುಗಿಯುವಷ್ಟರಲ್ಲಿ ಸರಾಸರಿ 8 ಕಿಲೋ ತೂಕ ಇಳಿದಿತ್ತು. ರಕ್ತದ ಸಕ್ಕರೆಯೂ ಚೆನ್ನಾಗಿ ತಗ್ಗಿತ್ತು.

ನಲವತ್ತು ವರ್ಷಗಳಿಂದ ಈ ಪ್ರಯೋಗವನ್ನು ಮತ್ತೆ ಮತ್ತೆ ಉದಾಹರಿಸುತ್ತಾರೆ. ನನ್ನನ್ನು ಕಾಡಿದ್ದು ಎಂಟನೆಯ ವಾರ. ಮನೆಗೆ ಮರಳಿದವರ ಎದುರು ಮತ್ತೆ ಅದೇ ಅಂಗಡಿ, ಅದೇ ಮೈದಾ, ಅದೇ ಸಕ್ಕರೆ. ತೂಕ ಹೇಗೆ ಇಳಿಯುತ್ತದೆ ಎಂಬುದರಲ್ಲಿ ಈಗ ದೊಡ್ಡ ಗುಟ್ಟೇನೂ ಉಳಿದಿಲ್ಲ. ಇಳಿಸಿಕೊಳ್ಳಲೆಂದು ಬಂದವರು ಮುಂದಿನ ತಿಂಗಳೂ ಬರುತ್ತಾರೆಯೇ, ಮುಂದಿನ ವರ್ಷವೂ ಬರುತ್ತಾರೆಯೇ ಎಂಬಲ್ಲೇ ಎಲ್ಲ ಕಾರ್ಯಕ್ರಮಗಳೂ ಎಡವುವುದು. ಮೂಲನಿವಾಸಿ ಸಮುದಾಯಗಳಲ್ಲಿ ಇದಕ್ಕೆ ದೊರೆತಿರುವ ಉತ್ತರಗಳನ್ನು ಒಂದೆಡೆ ಇಟ್ಟು ನೋಡಿದರೆ, ಉಳಿದವರೆಲ್ಲ ಕಲಿಯಬೇಕಾದದ್ದು ಅಲ್ಲಿ ಬಹಳಷ್ಟಿದೆ.

ಅಳತೆಗೋಲು ಎಲ್ಲರಿಗೂ ಒಂದೇ. 2002ರಲ್ಲಿ ಅಮೆರಿಕದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ತನ್ನ ಫಲಿತಾಂಶ ಪ್ರಕಟಿಸಿತು. 27 ಕೇಂದ್ರಗಳು, 3,234 ಜನ. ದೇಹದ ತೂಕದಲ್ಲಿ ನೂರಕ್ಕೆ 7ರಷ್ಟು ಇಳಿಸಬೇಕು, ವಾರಕ್ಕೆ 150 ನಿಮಿಷ ನಡೆಯಬೇಕು ಅಥವಾ ಅಷ್ಟೇ ಶ್ರಮದ ಬೇರೇನಾದರೂ ಮಾಡಬೇಕು. ಇದಕ್ಕಾಗಿ 16 ಪಾಠ. ಈ ದಾರಿ ಹಿಡಿದವರಲ್ಲಿ ಸಕ್ಕರೆ ಕಾಯಿಲೆ ಬರುವ ಸಂಭವ ಶೇ. 58ರಷ್ಟು ತಗ್ಗಿತು, ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 31. ಭಾಗವಹಿಸಿದವರಲ್ಲಿ 171 ಮಂದಿ ಅಮೆರಿಕದ ಮೂಲನಿವಾಸಿಗಳಿದ್ದರು. ಆದರೆ ಅದು ಹಣ, ಸಿಬ್ಬಂದಿ, ದೊಡ್ಡ ಸಂಶೋಧನಾ ಕೇಂದ್ರ ಎಲ್ಲವೂ ಇದ್ದ ಪ್ರಯೋಗ. ಅದೇ ಪಾಠಗಳನ್ನು ಬುಡಕಟ್ಟುಗಳ ಸ್ವಂತ ಚಿಕಿತ್ಸಾಲಯಗಳಲ್ಲಿ, ಅಲ್ಲಿನ ನರ್ಸುಗಳ ಕೈಯಲ್ಲಿ ಕೊಟ್ಟರೆ ಏನಾಗುತ್ತದೆ?

ಅದನ್ನು ನೋಡಿದ್ದು 'ಸ್ಪೆಷಲ್ ಡಯಾಬಿಟಿಸ್ ಪ್ರೋಗ್ರಾಂ ಫಾರ್ ಇಂಡಿಯನ್ಸ್' ಅಡಿಯ ಯೋಜನೆ. 36 ಆರೋಗ್ಯ ಸಂಸ್ಥೆಗಳು, 80 ಬುಡಕಟ್ಟುಗಳು, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 2,553 ಜನ. 2013ರಲ್ಲಿ ಬಂದ ವರದಿಯಲ್ಲಿ ಎರಡು ಅಂಕಿಗಳು ಎದ್ದು ಕಾಣುತ್ತವೆ. 16 ಪಾಠಗಳನ್ನೂ ಮುಗಿಸಿದವರು ಶೇ. 74. ಮೂರನೆಯ ವರ್ಷದ ತಪಾಸಣೆಗೆ ಬಂದವರು ಶೇ. 33. ಯಾರು ಹೆಚ್ಚು ಪಾಠಕ್ಕೆ ಬಂದರೋ ಅವರ ತೂಕ ಹೆಚ್ಚು ಇಳಿಯಿತು, ಅವರಿಗೆ ಕಾಯಿಲೆ ಕಡಿಮೆ ಬಂತು. ಅಂದರೆ ಹಾಜರಿಯೇ ಅರ್ಧ ಔಷಧ.

ಈ ಶೇ. 33ನ್ನು ಹಿಡಿದು ಕೊರಗುವವರು ಅದೇ ವರದಿಯ ಇನ್ನೊಂದು ಅಂಕಿಯನ್ನು ಗಮನಿಸಬೇಕು. ನಾಲ್ಕರಿಂದ ಆರು ತಿಂಗಳಲ್ಲಿ ಮುಗಿಯಬೇಕಾದ 16 ಪಾಠಗಳಿಗೆ ಸರಾಸರಿ 10.2 ತಿಂಗಳು ಹಿಡಿಯಿತು. ನನಗೆ ಇದು ಸೋಮಾರಿತನದ ಲೆಕ್ಕವಾಗಿ ಕಾಣುವುದಿಲ್ಲ. ಪಾಠ ತಪ್ಪಿಸಿಕೊಂಡವರಿಗೆ ಮತ್ತೆ ಬರುವ ಅವಕಾಶ ಇತ್ತು, ಅವರು ಬಂದರು ಎಂಬುದಕ್ಕೆ ಸಾಕ್ಷಿಯಾಗಿ ಕಾಣುತ್ತದೆ. ವೇಳಾಪಟ್ಟಿಗೆ ಅಂಟಿಕೊಂಡು, ಮೂರು ವಾರ ಬರದವರ ಹೆಸರು ಹೊಡೆದುಹಾಕಿದ್ದರೆ ಆ ಶೇ. 74 ಎಲ್ಲಿಂದ ಬರಬೇಕಿತ್ತು?

ಜನ ಪಾಠ ತಪ್ಪಿಸುವುದು ಯಾಕೆಂದು ಕೇಳಿದರೆ ಮೊದಲು ಬರುವ ಉತ್ತರ ಸಾವು. ಆಸ್ಟ್ರೇಲಿಯಾದ ಮೂಲನಿವಾಸಿಗಳು 'ಸಾರಿ ಬಿಸಿನೆಸ್' ಎಂದು ಕರೆಯುವ ಸೂತಕದ ಆಚರಣೆ ಕೆಲವೊಮ್ಮೆ ವಾರಗಟ್ಟಲೆ ನಡೆಯುತ್ತದೆ. ಆಗ ಊರಿಗೆ ಊರೇ ಕೆಲಸ ನಿಲ್ಲಿಸುತ್ತದೆ. ನ್ಯೂಜಿಲೆಂಡಿನ ಮಾವೊರಿಗಳಲ್ಲಿ ಅದು 'ತಂಗಿ'. ದೂರದೂರದ ನೆಂಟರೆಲ್ಲ ಬಂದು ಹೆಣದ ಜೊತೆ ದಿನಗಟ್ಟಲೆ ಕೂರುತ್ತಾರೆ. ಸಾವಾದ ಮನೆಗೆ ಹೋಗದೆ ನಡಿಗೆಯ ಗುಂಪಿಗೆ ಹೋದೆ ಎಂದು ನಮ್ಮ ಹಳ್ಳಿಯಲ್ಲಿ ಯಾರಾದರೂ ಹೇಳಲಾದೀತೇ? ಇಂಥ ಸಮುದಾಯಗಳಲ್ಲಿ ಅಕಾಲ ಮರಣಗಳು ಹೆಚ್ಚು, ಅದಕ್ಕೆ ಸಕ್ಕರೆ ಕಾಯಿಲೆ ಮತ್ತು ಹೃದಯದ ಕಾಯಿಲೆಯೇ ದೊಡ್ಡ ಕಾರಣ. ಯಾವ ಕಾಯಿಲೆ ತಡೆಯಲು ಪಾಠ ನಡೆಯುತ್ತಿದೆಯೋ ಆ ಕಾಯಿಲೆಯೇ ಪಾಠದ ಕುರ್ಚಿಗಳನ್ನು ಖಾಲಿ ಮಾಡಿಸುತ್ತಿರುತ್ತದೆ. ನಮೂನೆಯಲ್ಲಿ ಮಾತ್ರ ಅದು 'ಗೈರುಹಾಜರು' ಎಂದು ದಾಖಲಾಗುತ್ತದೆ.

ವಯಸ್ಸಾದವರಿಗಿಂತ ಕಿರಿಯರು ಬೇಗ ಬಿಡುತ್ತಾರೆ. ಇದು ಜಗತ್ತಿನ ಅನೇಕ ತೂಕ ಇಳಿಸುವ ಕಾರ್ಯಕ್ರಮಗಳಲ್ಲೂ ಕಾಣುವ ಮಾತು. ಇಲ್ಲಿ ಅದನ್ನು ಬೆಳೆಸುವುದಿಲ್ಲ. ಮೂಲನಿವಾಸಿಗಳಿಗೇ ವಿಶೇಷವಾದದ್ದು ತೂಕದ ಯಂತ್ರದ ಹಿಂದಿನ ಚರಿತ್ರೆ.

1864ರಲ್ಲಿ ಅಮೆರಿಕದ ಸೇನೆ ನವಾಹೋ ಜನರನ್ನು ಅವರ ನೆಲದಿಂದ ಎಬ್ಬಿಸಿ ನೂರಾರು ಮೈಲಿ ನಡೆಸಿ ಬಾಸ್ಕ್ ರೆಡಾಂಡೊ ಎಂಬಲ್ಲಿ ಕೂಡಿಹಾಕಿತು. ಅಲ್ಲಿ ಸಿಕ್ಕಿದ್ದು ಬಿಳಿ ಹಿಟ್ಟು, ಕೊಬ್ಬು, ಸಕ್ಕರೆ. ಅದರಿಂದ ಹುಟ್ಟಿದ್ದೇ ಕರಿದ ರೊಟ್ಟಿ, 'ಫ್ರೈ ಬ್ರೆಡ್' ಎಂದು ಹೇಳುತ್ತಾರೆ. ಮುಂದೆ ಮೀಸಲು ಪ್ರದೇಶಗಳಿಗೆ ಸರ್ಕಾರ ಹಂಚಿದ ಪಡಿತರವೂ ಹೆಚ್ಚುಕಡಿಮೆ ಅದೇ ಜಾತಿಯದು. ಹೀಗೆ ಹಸಿವಿನಲ್ಲಿ ಕೈಗೆ ಬಂದ ತಿಂಡಿ ಇಂದು ಹಬ್ಬದ ತಿಂಡಿ, ಅಜ್ಜಿಯ ಕೈರುಚಿ. ಅದನ್ನು 'ಬಿಡಿ' ಎಂದು ಹೊರಗಿನ ಆಹಾರತಜ್ಞೆ ಹೇಳಿದಾಗ ಎದುರು ಕೂತವರಿಗೆ ಕೇಳಿಸುವುದು ಬರೀ ಕ್ಯಾಲೊರಿಯ ಮಾತಲ್ಲ.

ಅರಿಝೋನಾದ ಗಿಲಾ ನದಿಯ ಪೀಮಾ ಜನ ತಮ್ಮನ್ನು ಕರೆದುಕೊಳ್ಳುವುದು 'ಅಕಿಮೆಲ್ ಓಓಡಮ್' ಎಂದು, ಅಂದರೆ ನದಿಯವರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮೇಲ್ಭಾಗದ ವಲಸಿಗರು ನದಿಯ ನೀರನ್ನೆಲ್ಲ ತಿರುಗಿಸಿಕೊಂಡರು. ಕಾಲುವೆ ತೋಡಿ ಬೇಸಾಯ ಮಾಡುತ್ತಿದ್ದ ಜನ ಹಿಟ್ಟಿನ ಚೀಲಕ್ಕೆ ಕೈಯೊಡ್ಡಬೇಕಾಯಿತು. 1965ರಿಂದ ಅಲ್ಲಿ ಸಕ್ಕರೆ ಕಾಯಿಲೆಯ ಸಂಶೋಧನೆ ನಡೆಯಿತು. 2006ರಲ್ಲಿ ಪ್ರಕಟವಾದ ಹೋಲಿಕೆಯೊಂದರಲ್ಲಿ ಅರಿಝೋನಾದ ಪೀಮಾಗಳಲ್ಲಿ ಶೇ. 38 ಜನರಿಗೆ ಸಕ್ಕರೆ ಕಾಯಿಲೆ ಇದ್ದರೆ, ಮೆಕ್ಸಿಕೋದ ಬೆಟ್ಟಗಳಲ್ಲಿ ಇನ್ನೂ ಹೊಲ ಗೆಯ್ಯುತ್ತಿದ್ದ ಅವರ ಬಂಧುಗಳಲ್ಲಿ ಶೇ. 6.9 ಮಾತ್ರ. ರಕ್ತ ಒಂದೇ, ನೀರು ಬೇರೆ.

ನಂಬಿಕೆ ಒಡೆದ ಕಥೆಯೂ ಇದೆ. ಗ್ರ್ಯಾಂಡ್ ಕ್ಯಾನ್ಯನ್ನಿನ ಹವಾಸುಪಾಯ್ ಜನ ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆಂದು ರಕ್ತ ಕೊಟ್ಟರು. ಅರಿಝೋನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಆ ರಕ್ತವನ್ನು ಮಾನಸಿಕ ಕಾಯಿಲೆಯ, ವಂಶಮೂಲದ ಅಧ್ಯಯನಗಳಿಗೂ ಬಳಸಿದ್ದು ಆಮೇಲೆ ತಿಳಿಯಿತು. 2010ರಲ್ಲಿ ವಿಶ್ವವಿದ್ಯಾಲಯ 7 ಲಕ್ಷ ಡಾಲರ್ ಪರಿಹಾರ ಕೊಟ್ಟು, ಉಳಿದ ರಕ್ತವನ್ನು ಹಿಂತಿರುಗಿಸಿತು. ಇಂಥ ಸುದ್ದಿ ಒಂದು ಬುಡಕಟ್ಟಿನಲ್ಲೇ ನಿಲ್ಲುವುದಿಲ್ಲ. 'ನಮ್ಮ ತೂಕ ಬರೆದುಕೊಂಡು ಹೋಗಿ ಏನು ಮಾಡುತ್ತೀರಿ?' ಎಂದು ಕೇಳುವವರ ಬೆನ್ನಿಗೆ ಅನುಭವವಿದೆ. ಇದರ ಜೊತೆಗೆ ನಾಚಿಕೆ. ಮಾವೊರಿಗಳು ಅದಕ್ಕೆ 'ಫಕಮಾ' ಎನ್ನುತ್ತಾರೆ, ಆಸ್ಟ್ರೇಲಿಯಾದ ಮೂಲನಿವಾಸಿಗಳು ಒಂದೇ ಮಾತಿನಲ್ಲಿ 'ಶೇಮ್' ಎನ್ನುತ್ತಾರೆ. ನಾಲ್ಕು ಜನರೆದುರು ಯಂತ್ರ ಹತ್ತಿ, ಹೋದ ವಾರಕ್ಕಿಂತ ಅಂಕಿ ಏರಿದ್ದನ್ನು ಕಂಡವರು ಮುಂದಿನ ವಾರ ಬರದಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ.

ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಅಧ್ಯಯನ ನಡೆದದ್ದೂ ಅದೇ ಗಿಲಾ ನದಿಯ ದಂಡೆಯಲ್ಲೇ. 1998ರಲ್ಲಿ ಪ್ರಕಟವಾದ ಅದರಲ್ಲಿ ಭಾಗವಹಿಸಿದವರು 95 ಮಂದಿ. ದಪ್ಪ ಇದ್ದರೂ ಆಗಿನ್ನೂ ಸಕ್ಕರೆ ಕಾಯಿಲೆ ಬಂದಿರಲಿಲ್ಲ. ಚೀಟಿ ಎತ್ತಿದ ಹಾಗೆ ಇವರನ್ನು ಎರಡು ಗುಂಪು ಮಾಡಿದರು. ಒಂದರ ಹೆಸರು 'ಪೀಮಾ ಆ್ಯಕ್ಷನ್'. ಇವರಿಗೆ ಕ್ರಮಬದ್ಧವಾದ ಆಹಾರ ಸಲಹೆ, ವ್ಯಾಯಾಮ, ಗುರಿ. ಇನ್ನೊಂದು 'ಪೀಮಾ ಪ್ರೈಡ್'. ಇವರಿಗೆ ಆರೋಗ್ಯದ ಬಗ್ಗೆ ಒಂದಿಷ್ಟು ಕರಪತ್ರ ಕೊಟ್ಟು ಬಿಟ್ಟರು. ಉಳಿದಂತೆ ಕಾಲಕಾಲಕ್ಕೆ ಸೇರಿ ತಮ್ಮ ಜನದ ಚರಿತ್ರೆ, ಸಂಸ್ಕೃತಿ, ಇಂದಿನ ಬದುಕಿನ ಬಗ್ಗೆ ಮಾತಾಡುವುದು. ಊರಿನವರೇ ಬಂದು ಮಾತಾಡುತ್ತಿದ್ದರು. ಸಂಶೋಧಕರ ಮಟ್ಟಿಗೆ ಈ ಎರಡನೆಯದು ಹೋಲಿಕೆಗಾಗಿ ಇಟ್ಟ ಗುಂಪು, ಅಷ್ಟೆ.

ವರ್ಷದ ಕೊನೆಯಲ್ಲಿ ನೋಡಿದರೆ ಆ್ಯಕ್ಷನ್ ಗುಂಪಿನ ತೂಕ ಪ್ರೈಡ್ ಗುಂಪಿಗಿಂತ ಹೆಚ್ಚು ಏರಿತ್ತು. ರಕ್ತದೊತ್ತಡ, ಸಕ್ಕರೆ, ಇನ್ಸುಲಿನ್ ಎಲ್ಲದರಲ್ಲೂ ತಮ್ಮ ಚರಿತ್ರೆ ಮಾತಾಡಿಕೊಂಡು ಕೂತವರೇ ವಾಸಿ. ಇದು ಸಣ್ಣ ಅಧ್ಯಯನ, ಒಂದೇ ಸಮುದಾಯದ್ದು. ಇದರ ಮೇಲೆ ಮಹಡಿ ಕಟ್ಟಬಾರದು. ಪ್ರೈಡ್ ಗುಂಪಿನಲ್ಲೂ ತೂಕ ಇಳಿದದ್ದಲ್ಲ, ಕಡಿಮೆ ಏರಿದ್ದು. ಆದರೂ ಮೊದಲ ಸಲ ಓದಿದಾಗ ಎರಡು ಗುಂಪಿನ ಹೆಸರು ಅದಲುಬದಲು ಓದಿಕೊಂಡೆನೇನೋ ಎಂದು ಹಿಂದಕ್ಕೆ ಹೋಗಿ ನೋಡಿದ್ದೆ. ನೀವು ಯಾರು, ಎಲ್ಲಿಂದ ಬಂದಿರಿ, ನಿಮ್ಮ ನದಿ ಎಲ್ಲಿ ಹೋಯಿತು ಎಂದು ಕೇಳುವ ಕೂಟಕ್ಕೆ ಜನ ಬೇರೆ ಮನಸ್ಸಿನಿಂದ ಬರುತ್ತಾರೆ ಎಂಬುದಂತೂ ನನಗೆ ಖಚಿತ. 2004ರಲ್ಲಿ ಅಮೆರಿಕದ ಸಂಸತ್ತು ಅಂಗೀಕರಿಸಿದ ಒಪ್ಪಂದದಿಂದ ಗಿಲಾ ಸಮುದಾಯಕ್ಕೆ ನೀರಿನ ಹಕ್ಕು ಮರಳಿತು. ತೂಕದ ಬಗ್ಗೆ ಬರೆಯುವವರು ಆ ಕಾಯಿದೆಯನ್ನೂ ಆರೋಗ್ಯ ಕಾರ್ಯಕ್ರಮವೆಂದೇ ಎಣಿಸಬೇಕು.

ಹವಾಯಿಯ ಕಥೆ ಮಲೆನಾಡಿನವರಿಗೆ ಬೇಗ ಅರ್ಥವಾಗುತ್ತದೆ, ಏಕೆಂದರೆ ಅದರ ನಡುವೆ ಇರುವುದು ಕೆಸು. ನಾವು ಎಲೆಯಲ್ಲಿ ಪತ್ರೊಡೆ ಮಾಡುತ್ತೇವೆ. ಹವಾಯಿಯವರು ಗಡ್ಡೆಯನ್ನು ಬೇಯಿಸಿ, ಕಲ್ಲಿನ ಗುಂಡಿನಿಂದ ಕುಟ್ಟಿ, ನೀರು ಬೆರೆಸಿ 'ಪೊಯ್' ಮಾಡುತ್ತಾರೆ. ಬೂದುನೇರಳೆ ಬಣ್ಣದ, ಬೆರಳಲ್ಲಿ ಸುತ್ತಿ ತಿನ್ನುವ ಮುದ್ದೆ. ಎರಡು ದಿನ ಇಟ್ಟರೆ ಅಂಬಲಿಯ ಹಾಗೆ ಹುಳಿಯಾಗುತ್ತದೆ. ಅವರ ಪುರಾಣದಲ್ಲಿ ಆಕಾಶಪಿತ ವಾಕೆಯಾಗೆ ಹುಟ್ಟಿದ ಮೊದಲ ಮಗು ಜೀವವಿಲ್ಲದೆ ಹುಟ್ಟಿತು. ಅದನ್ನು ಹೂತ ಜಾಗದಲ್ಲಿ ಕೆಸು ಮೊಳೆಯಿತು. ಎರಡನೆಯ ಮಗು ಹಾಲೋವಾ, ಮನುಷ್ಯರ ಮೂಲಪುರುಷ. ಹಾಗಾಗಿ ಕೆಸು ಅಣ್ಣ. ಅಣ್ಣನನ್ನು ತಮ್ಮ ನೋಡಿಕೊಳ್ಳಬೇಕು, ಅಣ್ಣ ತಮ್ಮನಿಗೆ ಉಣ್ಣಿಸುತ್ತಾನೆ. ಕೆಸುವಿನ ತಾಯಿಗಡ್ಡೆಯ ಸುತ್ತ ಒಡೆಯುವ ಮರಿಗೆ 'ಓಹಾ' ಎನ್ನುತ್ತಾರೆ. ಅದರಿಂದ ಬಂದದ್ದು 'ಓಹಾನಾ', ಕುಟುಂಬ.

1989ರಲ್ಲಿ ಒವಾಹು ದ್ವೀಪದ ವಾಯನಾಯ್ ಆರೋಗ್ಯ ಕೇಂದ್ರದಲ್ಲಿ ಡಾ. ಟೆರ್ರಿ ಶಿಂಟಾನಿ 20 ಮೂಲ ಹವಾಯಿಯನ್ನರಿಗೆ 21 ದಿನ ಹಳೆಯ ಕಾಲದ ಊಟ ಹಾಕಿದರು: ಕೆಸು, ಪೊಯ್, ಸಿಹಿಗೆಣಸು, ಸೊಪ್ಪು, ಮೀನು. ಅಳತೆಯಿಲ್ಲ, ಹೊಟ್ಟೆ ತುಂಬುವಷ್ಟು. ಸರಾಸರಿ 7.8 ಕಿಲೋ ಇಳಿಯಿತು. ಮೋವಾಂಜುಮ್‌ನ ಫಲಿತಾಂಶವೇ ಇನ್ನೊಂದು ಸಾಗರದಲ್ಲಿ. ಇಲ್ಲೂ ಅದೇ ಪ್ರಶ್ನೆ ಉಳಿಯಿತು: ಇಪ್ಪತ್ತೆರಡನೆಯ ದಿನ ಏನು?

ಆ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡದ್ದು 2005ರಲ್ಲಿ ಶುರುವಾದ 'ಪಿಲಿ ಓಹಾನಾ'. ಪಿಲಿ ಎಂದರೆ ಅಂಟಿಕೊಳ್ಳುವುದು, ಕೂಡುವುದು. ಮೂಲ ಹವಾಯಿಯನ್ನರೇ ಆದ ವೈದ್ಯೆ ಮಾರ್ಜರಿ ಮೌ ಮತ್ತು ಮನೋವಿಜ್ಞಾನಿ ಜೋಸೆಫ್ ಕೆಯಾವೆಆಯ್‌ಮೋಕು ಕಾಹೋಲೊಕುಲ ಇದರ ಮುಂದಾಳುಗಳಲ್ಲಿದ್ದರು. ಆದರೆ ವಿಶ್ವವಿದ್ಯಾಲಯ ಒಂದು ಪಾಲುದಾರ ಮಾತ್ರ. ಹವಾಯಿಯನ್ ನಾಗರಿಕ ಸಂಘಗಳು, ಪಾಪಾಕೋಲೆಯಾ ವಸಾಹತಿನ ಸಂಸ್ಥೆ, ಕಾಲಿಹಿಯ ಚಿಕಿತ್ಸಾಲಯಗಳು ಸಮಾನ ಪಾಲುದಾರರು. ಪಾಠ ಮಾಡುವವರು ಆ ಸಮುದಾಯದವರೇ. ಮೊದಲ ಮೂರು ತಿಂಗಳು ತೂಕ ಇಳಿಸುವ ಪಾಠ. ಆಮೇಲೆ ಆರು ತಿಂಗಳು, ಇಳಿದದ್ದನ್ನು ಮನೆಮಂದಿಯ ಜೊತೆ, ಊರಿನ ಜೊತೆ ಸೇರಿ ಕಾಯ್ದುಕೊಳ್ಳುವ ಪಾಠ. ಇವೆರಡನ್ನೂ ಬೇರೆ ಬೇರೆ ಕೆಲಸ ಎಂದು ಗುರುತಿಸಿದ್ದೇ ಇವರ ಜಾಣತನ ಎನ್ನಬೇಕು. 144 ಮಂದಿಯ ಹೋಲಿಕೆಯಲ್ಲಿ, ಕನಿಷ್ಠ ಅರ್ಧದಷ್ಟು ಪಾಠಗಳಿಗೆ ಬಂದವರ ಪೈಕಿ, ಕುಟುಂಬವನ್ನು ಒಳಗೊಂಡ ಪಾಠ ಪಡೆದವರು ಮಾಮೂಲಿ ಪಾಠದವರಿಗಿಂತ ಐದು ಪಟ್ಟು ಹೆಚ್ಚು ಸಂಭವದಲ್ಲಿ ಇಳಿದ ತೂಕವನ್ನು ಉಳಿಸಿಕೊಂಡರು. ಸಂಖ್ಯೆ ಸಣ್ಣದು, ಅಂದಾಜಿನ ಅಂತರ ದೊಡ್ಡದು. ದಿಕ್ಕು ಮಾತ್ರ ಸ್ಪಷ್ಟ.

ಅದೇ ಬಳಗ ಮುಂದೆ ಹುಲಾ ನೃತ್ಯವನ್ನು ರಕ್ತದೊತ್ತಡಕ್ಕೆ ಮದ್ದಾಗಿ ಪರೀಕ್ಷಿಸಿತು. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 263 ಮೂಲ ಹವಾಯಿಯನ್ನರಿದ್ದರು. ಆರು ತಿಂಗಳಲ್ಲಿ ಹುಲಾ ಕಲಿತವರ ಮೇಲಿನ ರಕ್ತದೊತ್ತಡ 15.3ರಷ್ಟು ಇಳಿದರೆ, ಬರೀ ತಿಳಿವಳಿಕೆ ಪಾಠ ಕೇಳಿದವರದು 11.8ರಷ್ಟು. ಹುಲಾಗೆ ಗುರು ಇರುತ್ತಾರೆ, 'ಕುಮು' ಎಂದು ಹೆಸರು. ಶಾಲೆ ಇರುತ್ತದೆ, ಮಂತ್ರ-ಹಾಡು-ವಂಶಾವಳಿ ಇರುತ್ತದೆ. ಯಕ್ಷಗಾನದ ಮೇಳದಲ್ಲಿ ಹೆಜ್ಜೆ ಕಲಿಯುವ ಹುಡುಗ 'ಇವತ್ತು ವ್ಯಾಯಾಮ ಬೇಡ' ಎಂದುಕೊಂಡು ಮನೆಯಲ್ಲಿ ಉಳಿಯುವುದಿಲ್ಲವಲ್ಲ, ಹಾಗೆ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಹಿಡಿದದ್ದು ಆಟದ ದಾರಿ. ಅಲ್ಲಿ 1971ರಿಂದ 'ಕೂರಿ ನಾಕೌಟ್' ಎಂಬ ರಗ್ಬಿ ಲೀಗ್ ಪಂದ್ಯಾವಳಿ ನಡೆಯುತ್ತಿದೆ. ಅಕ್ಟೋಬರ್ ತಿಂಗಳ ಉದ್ದನೆಯ ವಾರಾಂತ್ಯದಲ್ಲಿ ರಾಜ್ಯದ ಮೂಲೆಮೂಲೆಯ ಮೂಲನಿವಾಸಿ ಕುಟುಂಬಗಳು ಒಂದೆಡೆ ಸೇರುವ ದೊಡ್ಡ ಜಾತ್ರೆ ಅದು. 2012ರಲ್ಲಿ ಅದಕ್ಕೆ ಹೊಂದಿಸಿ 'ನಾಕೌಟ್ ಹೆಲ್ತ್ ಚಾಲೆಂಜ್' ಆರಂಭವಾಯಿತು. ಒಬ್ಬೊಬ್ಬರ ಬದಲು ಊರೂರಿನ ತಂಡಗಳು ತೂಕ ಇಳಿಸುವ ಪಂದ್ಯ. 2013ರಲ್ಲಿ 22 ತಂಡಗಳಿಂದ 586 ಮಂದಿ 16 ವಾರ ಸೆಣಸಿದರು. ಸರಾಸರಿ ಇಳಿಕೆ ಶೇ. 2ರ ಆಸುಪಾಸು, ವೈದ್ಯರ ಲೆಕ್ಕದಲ್ಲಿ ಸಣ್ಣದೇ. ಆದರೆ ಆಸ್ಪತ್ರೆಯ ಬಾಗಿಲು ತಳ್ಳದ ಜನ ಇಲ್ಲಿ ತಾವಾಗಿ ಬಂದು ಹೆಸರು ಕೊಟ್ಟರು ಎಂಬುದು ಸಣ್ಣ ಮಾತಲ್ಲ. ಬೆಳಿಗ್ಗೆ ಏಳಲು ಮನಸ್ಸಿಲ್ಲದವಳನ್ನು ಅವಳ ಚಿಕ್ಕಮ್ಮನ ಮಗಳು ಬಂದು ಬಾಗಿಲು ಬಡಿದು ಎಬ್ಬಿಸುತ್ತಾಳೆ. ತನ್ನ ಮೈಗಾಗಿ ಮಾಡದಿದ್ದನ್ನು ತಂಡಕ್ಕಾಗಿ ಮಾಡುತ್ತಾಳೆ. ನ್ಯೂಜಿಲೆಂಡಿನ ಹಾಕ್ಸ್ ಬೇಯಲ್ಲಿ 2009ರಲ್ಲಿ ಹುಟ್ಟಿದ 'ಐರನ್ ಮಾವೊರಿ'ಯೂ ಇದೇ ಜಾಡಿನದು. 2 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, 21 ಕಿಲೋಮೀಟರ್ ಓಟ. ಒಬ್ಬರೇ ಮಾಡಲಾರದವರು ತಂಡವಾಗಿ ಹಂಚಿಕೊಳ್ಳಬಹುದು.

ಪಂದ್ಯಕ್ಕೆ ಇನ್ನೊಂದು ಮುಖವೂ ಇದೆ. ಯಾರ ತೂಕ ಇಳಿಯಲಿಲ್ಲವೋ ಅವರು ತಂಡವನ್ನು ಕೆಳಗೆಳೆದೆ ಎಂದು ನೊಂದು ದೂರವಾಗುತ್ತಾರೆ. ತಂಡದ ನಾಯಕಿ ಬಿಟ್ಟರೆ ತಂಡವೇ ಒಟ್ಟಿಗೆ ಕಳಚಿಕೊಳ್ಳುತ್ತದೆ. ಒಬ್ಬೊಬ್ಬರಾಗಿ ಬಂದವರು ಒಬ್ಬೊಬ್ಬರಾಗಿ ಬಿಡುತ್ತಾರೆ. ಬಳಗವಾಗಿ ಬಂದವರು ಬಳಗವಾಗಿಯೇ ಬಿಡುತ್ತಾರೆ. ಆದ್ದರಿಂದ ಇಳಿದ ಕಿಲೋಗಳ ಜೊತೆಗೆ ಬಂದ ದಿನಗಳನ್ನೂ, ನಡೆದ ಹೆಜ್ಜೆಗಳನ್ನೂ ಅಂಕವಾಗಿ ಎಣಿಸುವ ಪಂದ್ಯವೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಫೋನಿನ ನೆನಪೋಲೆ, ಉಡುಗೊರೆ ಕಾರ್ಡು ಮುಂತಾದವು ಒಂದಿಷ್ಟು ದಿನ ಕೆಲಸ ಮಾಡುತ್ತವೆ. ಕರೆದೊಯ್ಯಲು ವ್ಯಾನು, ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು, ಪಾಠದ ಬಳಿಕ ಒಟ್ಟಿಗೆ ಊಟ, ಇವು ಅವಕ್ಕಿಂತ ಹೆಚ್ಚು ಬಾಳುತ್ತವೆ.

ನ್ಯೂಜಿಲೆಂಡಿನ ತಾರನಾಕಿ ಪ್ರಾಂತದ 'ಫಾನೌ ಪಾಕರಿ' ಮಕ್ಕಳ ತೂಕದ ಕಾರ್ಯಕ್ರಮ. ಫಾನೌ ಎಂದರೆ ಮನೆತನ, ಬಳಗ. ಇವರು ಮಾಡಿದ ಮುಖ್ಯ ಬದಲಾವಣೆ ಎಂದರೆ ಆಸ್ಪತ್ರೆಯ ಸ್ಥೂಲಕಾಯ ಕ್ಲಿನಿಕ್ ಎಂಬ ಬೋರ್ಡನ್ನೇ ಬಿಟ್ಟದ್ದು. ತೂಕದ ಯಂತ್ರ, ಅಳತೆ ಪಟ್ಟಿ ಹಿಡಿದು ಮನೆಗೇ ಹೋದರು. ಅಮ್ಮ, ಅಜ್ಜಿ, ತಮ್ಮ ತಂಗಿಯರು ಇರುವ ಅಡುಗೆಮನೆಯಲ್ಲಿ ಕೂತು ಮಾತಾಡಿದರು. ಅಲ್ಲೂ ವಾರವಾರದ ಕೂಟಗಳಿಗೆ ಎಲ್ಲರೂ ಬರಲಿಲ್ಲ. ನಿರಂತರ ಬಂದವರಿಗೇ ಹೆಚ್ಚು ಫಲ ಸಿಕ್ಕಿತು. ಬಿಟ್ಟವರನ್ನೂ ಹುಡುಕಿಕೊಂಡು ಹೋಗಿ ಕೇಳಿದ್ದು ಈ ಬಳಗದ ದೊಡ್ಡತನ. ಆಗ ಸಿಕ್ಕ ಉತ್ತರಗಳಲ್ಲಿ ಹಿಂದೆಂದೋ ಆಸ್ಪತ್ರೆಯಲ್ಲಿ ಕೇಳಿದ ಕೊಂಕು, ಜನಾಂಗೀಯ ತಾತ್ಸಾರ, 'ಕೆಟ್ಟ ತಾಯಿ' ಎಂದಾರೆಂಬ ಭಯ ಇದ್ದವು. ಕಾರ್ಯಕ್ರಮದಲ್ಲಿ ಉಳಿದವರು ನೆನೆದದ್ದು ತೀರ್ಪು ಕೊಡದೆ ತಮ್ಮ ಮಾತು ಕೇಳಿಸಿಕೊಂಡ ಸಿಬ್ಬಂದಿಯನ್ನು.

ನಮ್ಮ ನಾಡಿನ ಬಗ್ಗೆ ಎರಡು ಮಾತು. ಸೋಲಿಗರ, ಜೇನುಕುರುಬರ ನಡುವೆ ಇಂದಿನ ದೊಡ್ಡ ಚಿಂತೆ ರಕ್ತಹೀನತೆ, ಕಡಿಮೆ ತೂಕ, ಸಿಕಲ್ ಸೆಲ್ ಕಾಯಿಲೆ. ತೂಕ ಇಳಿಸುವ ಪಾಠವನ್ನು ಹಾಗೇ ತಂದು ಪೋಡು-ಹಾಡಿಗಳಲ್ಲಿ ಇಳಿಸುವುದು ಮೂರ್ಖತನ. ಆದರೆ ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾದ ಮೇಲೆ ಕಾಡಿನ ಬೇಸಾಯ ನಿಂತದ್ದು, ರಾಗಿ ಮತ್ತು ಕಾಡುಗೆಣಸಿನ ಜಾಗಕ್ಕೆ ರೇಷನ್ ಅಕ್ಕಿ ಬಂದದ್ದು ಗಿಲಾ ನದಿಯ ಕಥೆಗೆ ತೀರ ದೂರದ್ದಲ್ಲ. 2011ರಲ್ಲಿ ಅಲ್ಲಿನ ಸೋಲಿಗರಿಗೆ ಅರಣ್ಯದ ಮೇಲೆ ಸಮುದಾಯ ಹಕ್ಕು ಸಿಕ್ಕಿತು. ಮುಂದೆ ಅವರ ಆರೋಗ್ಯದ ಲೆಕ್ಕ ಬರೆಯುವವರು ಅಲ್ಲಿಂದಲೇ ಆರಂಭಿಸಬೇಕು.

ಇಷ್ಟೆಲ್ಲ ಓದಿದ ಮೇಲೆ 'ಜನ ಯಾಕೆ ಬಿಟ್ಟುಹೋಗುತ್ತಾರೆ' ಎಂದು ಕೇಳುವಾಗ, ಕಾರ್ಯಕ್ರಮಗಳು ಜನರನ್ನು ಬಿಟ್ಟುಹೋಗುವುದನ್ನೂ ಜೊತೆಗೇ ಕೇಳಬೇಕು ಎನಿಸುತ್ತದೆ. ಅಮೆರಿಕದ ಬುಡಕಟ್ಟುಗಳ ಆ ಸಕ್ಕರೆ ಕಾಯಿಲೆ ಯೋಜನೆ 1997ರಿಂದ ಇದೆ, ಕೆಲಸವನ್ನೂ ಮಾಡಿದೆ. 1996ರಿಂದ 2013ರ ನಡುವೆ ಮೂಲನಿವಾಸಿಗಳಲ್ಲಿ ಸಕ್ಕರೆ ಕಾಯಿಲೆಯಿಂದ ಕಿಡ್ನಿ ಸೋಲುವುದು ಶೇ. 54ರಷ್ಟು ತಗ್ಗಿತು. 2013ರಲ್ಲಿ ಶೇ. 15.4 ಇದ್ದ ಸಕ್ಕರೆ ಕಾಯಿಲೆ 2017ಕ್ಕೆ ಶೇ. 14.6ಕ್ಕೆ ಇಳಿಯಿತು. ಆದರೂ 2004ರಿಂದ ಸುಮಾರು ಎರಡು ದಶಕ ಅದರ ವಾರ್ಷಿಕ ಅನುದಾನ 15 ಕೋಟಿ ಡಾಲರ್‌ಗಳಲ್ಲೇ ನಿಂತಿತ್ತು. 2023ರ ಸೆಪ್ಟೆಂಬರ್ ಕೊನೆಗೆ ಅವಧಿ ಮುಗಿದಾಗ ಸಂಸತ್ತು ಅದನ್ನು ಮೊದಲು ನವೆಂಬರ್ 17ರವರೆಗೆ ಮುಂದುವರಿಸಿತು. ಆಮೇಲೆ ಜನವರಿ 19ರವರೆಗೆ. ಆಮೇಲೆ ಮಾರ್ಚ್ 8ರವರೆಗೆ. ಭಾಗವಹಿಸುವವರು ಮೂರು ವರ್ಷ ತಪ್ಪದೆ ಬರಬೇಕು ಎಂದು ಬಯಸುವ ಯೋಜನೆಗೆ ಬದುಕು ಸಿಗುತ್ತಿದ್ದದ್ದು ಏಳರಿಂದ ಒಂಬತ್ತು ವಾರಗಳ ಕಂತಿನಲ್ಲಿ. ಏಳು ವಾರದ ಕೆಲಸಕ್ಕೆ ಊರಿನ ಒಳ್ಳೆಯ ಹುಡುಗಿಯೊಬ್ಬಳು ಇದ್ದ ನೌಕರಿ ಬಿಟ್ಟು ಬರುವುದಿಲ್ಲ; ಬಂದವಳೂ ಬಹಳ ದಿನ ಉಳಿಯುವುದಿಲ್ಲ. ತಾಯಿಯ ಸೂತಕ ಮುಗಿಸಿಕೊಂಡು, ಬಿಟ್ಟುಹೋದ ಒಂಬತ್ತನೆಯ ಪಾಠಕ್ಕೆ ನಾಲ್ಕು ತಿಂಗಳ ಬಳಿಕ ಮರಳಿದ ಹೆಂಗಸು ಮೊದಲು ಹುಡುಕುವುದು ತನ್ನ ಹೆಸರು ಹಿಡಿದು ಕರೆಯುವ ಆ ಹುಡುಗಿಯನ್ನು.